ಮಡಿಕೆ ಇಟ್ಟು ಹೊಲಿದ ದೆವ್ವ

ನಿನ್ನೆ ಸಂಜೆ ಆಫೀಸಿನಿಂದ ಬರುತ್ತಾ ಹಾಲು ತರಲೆಂದು ಟ್ಯಾಂಪಿನೀಸ್ ಸ್ಟೇಷನ್ ಪಕ್ಕದ ಮಾಲ್‌ಗೆ ಹೋದವಳು ಒಂದು ಅಸ್ಥಿಪಂಜರದ ಕೈ ಹಿಡಿದುಕೊಂಡು ಮನೆಗೆ ಬಂದೆ. ಹಾಲು ಮರೆತೇ ಹೋಯಿತು. ಗಾಬರಿಯಾಗಬೇಡಿ, ಪ್ಲಾಸ್ಟಿಕ್ಕಿನ ಕೈ. ಮೊಣಕೈವರೆಗೆ ಮಾತ್ರ ಇದೆ. ಬೆರಳುಗಳು ಒಂದೊಂದು ಗಿಣ್ಣಿನಲ್ಲೂ ಮಡಚುತ್ತವೆ. ಬಾಗಿಲ ಹತ್ತಿರ ನಿಲ್ಲಿಸಿದರೆ ಬೀಗದ ಕೈಗಳ ಗೊಂಚಲನ್ನು ಹಿಡಿದುಕೊಂಡು ವಿಧೇಯವಾಗಿ ನಿಲ್ಲುತ್ತದೆ. ಇಷ್ಟು ಉಪಯೋಗಕ್ಕೆ ಬರುವ ವಸ್ತುವನ್ನು ಬಿಟ್ಟು ಬರುವುದಾದರೂ ಹೇಗೆ, ನೀವೇ ಹೇಳಿ.

ನನಗೆ ಈ ಹುಚ್ಚು ಇದೆಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಗಲೆಲ್ಲ ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ಕೂತು, ಬೇರೆಯವರು ತುಂಬಿದ ಫಾರ್ಮುಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಅಂಥವಳಿಗೆ ಅಕ್ಟೋಬರ್ ಬಂತೆಂದರೆ ತಲೆ ನಿಲ್ಲುವುದಿಲ್ಲ. ನಮ್ಮ ಮಾಲ್‌ನಲ್ಲಿ ದೀಪಾವಳಿ ಮತ್ತು ಹ್ಯಾಲೋವೀನ್ ಒಂದೇ ಶೆಲ್ಫಿನಲ್ಲಿ ಸಂಸಾರ ಮಾಡುತ್ತವೆ. ಹಣತೆಯ ಡಬ್ಬಿಗೆ ಒರಗಿಕೊಂಡು ಒಂದು ತಲೆಬುರುಡೆ, ರಂಗೋಲಿ ಸ್ಟಿಕ್ಕರಿನ ಪಕ್ಕದಲ್ಲೇ ಜೇಡರ ಬಲೆಯ ಪೊಟ್ಟಣ. ನಾನು ಭೇದಭಾವ ಮಾಡದೆ ಎಲ್ಲವನ್ನೂ ಬುಟ್ಟಿಗೆ ಹಾಕುತ್ತೇನೆ. ಬಾವಲಿಯ ಅಚ್ಚಿನಲ್ಲಿ ಕೊಬ್ಬರಿ ಮಿಠಾಯಿ ಮಾಡಿದ್ದೇನೆ. ಬುರುಡೆ ಆಕಾರದ ಐಸನ್ನು ಮಜ್ಜಿಗೆಗೆ ಹಾಕಿ ಕೊಟ್ಟಾಗ, ಊರಿನಿಂದ ಬಂದಿದ್ದ ನಮ್ಮ ನೆಂಟರೊಬ್ಬರು ಲೋಟ ಕೆಳಗಿಟ್ಟು, "ಒಳಗಿಂದ ಯಾರೋ ನೋಡ್ತಾ ಇದಾರಲ್ಲಮ್ಮಾ" ಎಂದಿದ್ದರು.

"ಇದೇನು ಮನೇನಾ, ಸ್ಮಶಾನಾನಾ?" ಎಂದು ನನ್ನ ಗಂಡ ಪ್ರತಿ ವರ್ಷ ಕೇಳುತ್ತಾರೆ. ನಾವು ಬಂದು ನೆಲೆಸಿರುವ ಈ ಪರದೇಶದ ಊರಿನಲ್ಲಿ ದೆವ್ವಗಳಿಗೇನೂ ಕೊರತೆಯಿಲ್ಲ. ಚೀನೀಯರ ಏಳನೇ ತಿಂಗಳಿನಲ್ಲಿ ನಮ್ಮ ಬ್ಲಾಕಿನ ಕೆಳಗೆ ಕಾಗದ ಸುಡುತ್ತಾರೆ, ಹಸಿದ ಆತ್ಮಗಳಿಗೆ ಕಿತ್ತಳೆ ಹಣ್ಣು ಇಡುತ್ತಾರೆ. ಅವರು ಹೋದ ಮೇಲೆ ಮಹಾಲಯಕ್ಕೆ ನಮ್ಮವರು ಬರುತ್ತಾರೆ. ಆಮೇಲೆ ಬರುವವು ಈ ಪ್ಲಾಸ್ಟಿಕ್ಕಿನವು. ಎಲ್ಲರಿಗೂ ಏನಾದರೊಂದು ತಿನ್ನಲು ಕೊಟ್ಟು ಕಳಿಸುವುದು ಮಾತ್ರ ಎಲ್ಲ ಕಡೆಯೂ ಒಂದೇ.

ಇರಲಿ, ಹೇಳಹೊರಟದ್ದು ಬೇರೆ. ಇಲ್ಲಿಯ ಫ್ಲ್ಯಾಟುಗಳಲ್ಲಿ ಉಕ್ಕಿನ ಬಾಗಿಲಿನ ಒಂದು ಪುಟ್ಟ ಕೋಣೆ ಇರುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಬಾಂಬ್ ಶೆಲ್ಟರ್, ನಮ್ಮ ಲೆಕ್ಕದಲ್ಲಿ ಸ್ಟೋರ್ ರೂಮ್. ನನ್ನ ದೆವ್ವದ ಸಾಮಾನಿನ ಪೆಟ್ಟಿಗೆ ಅಲ್ಲಿದೆ. ನಿನ್ನೆ ಹೊಸ ಕೈಯ ಖುಷಿಯಲ್ಲಿ ಅದನ್ನು ಎಳೆದು ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎಲ್ಲದರ ತಳದಲ್ಲಿ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಬಿಳಿ ನಿಲುವಂಗಿ. ಈ ಪೆಟ್ಟಿಗೆಯಲ್ಲಿ ನಾನು ಅಂಗಡಿಯಿಂದ ತರದ ವಸ್ತು ಅದೊಂದೇ. ಅದನ್ನು ಹೊಲಿದವರು ವಿಶಾಲು ಆಂಟಿ.

ಹತ್ತು ವರ್ಷದ ಹಿಂದೆ ನನ್ನ ಮಗಳು ಇಳಾಗೆ ಏಳು ವರ್ಷ. ಅವಳಿಗೆ ಕಿಡ್ನಿಯ ತೊಂದರೆ ಇತ್ತು. ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಮರುಕಳಿಸುವುದು, ಮತ್ತೆ ಔಷಧಿ. ಆ ಔಷಧಿಯಿಂದ ಮುಖ ಪೂರಿಯ ಹಾಗೆ ಊದಿಕೊಂಡಿತ್ತು, ಮೈ ಉದ್ದವಾಗುವುದು ನಿಂತೇಹೋಗಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುವುದು ನನ್ನ ರೂಢಿ. ಒಂದೇ ಗೆರೆಯ ಮೇಲೆ ಮೂರನೇ ಸಲ ಎಳೆಯುವ ಹಾಗಾದಾಗ ಪೆನ್ಸಿಲನ್ನು ಡ್ರಾಯರಿನಲ್ಲಿಟ್ಟು ಮುಚ್ಚಿಬಿಟ್ಟೆ. ಮುಂದೆ ಹೇಗೆ ಎಂದು ಡಾಕ್ಟರನ್ನು ಕೇಳಿದರೆ "ಕಾದು ನೋಡೋಣ" ಎನ್ನುತ್ತಿದ್ದರು. ಮುಂದಿನ ವರ್ಷ ಎಂಬ ಮಾತನ್ನು ನಾವು ಮನೆಯಲ್ಲಿ ಆಡುವುದನ್ನೇ ಬಿಟ್ಟಿದ್ದೆವು. ಸ್ಕೂಲ್ ಯೂನಿಫಾರ್ಮನ್ನೂ ಹಳೆಯ ಅಳತೆಗೇ ಕೊಂಡೆ.

ಆ ಅಕ್ಟೋಬರಿನಲ್ಲಿ ನಮ್ಮ ಬ್ಲಾಕಿನ ತಾಯಂದಿರು ಸೇರಿ ಕೆಳಗಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಅಡಿಯ ಕಂಬಗಳ ನಡುವಿನ ಖಾಲಿ ಜಾಗದಲ್ಲಿ, ಮಕ್ಕಳಿಗೆ ಹ್ಯಾಲೋವೀನ್ ಇಟ್ಟುಕೊಂಡರು. ಇಳಾ ಯಾರ ಮುಂದೆಯೂ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ಅವಳನ್ನು ಬಲೂನ್ ಎನ್ನುತ್ತಿದ್ದರು. ಆದರೆ ಇದಕ್ಕೆ ತಾನೇ ಬಂದು ಕೇಳಿದಳು, "ಅಮ್ಮ, ನಾನು ದೆವ್ವ ಆಗ್ತೀನಿ. ಫೇಸ್ ಯಾರಿಗೂ ಕಾಣಬಾರ್ದು. ಫುಲ್ ಕವರ್ ಲಾ." ಮಾತಿನ ತುದಿಗೆ ಲಾ ಅಂಟಿಸುವುದು ಇಲ್ಲಿಯ ಮಕ್ಕಳ ಚಾಳಿ.

ಹೊಲಿಗೆಯಲ್ಲಿ ನನ್ನ ಪಾಂಡಿತ್ಯ ಕಿತ್ತುಹೋದ ಗುಂಡಿಯವರೆಗೆ. ಒಂದು ಬಿಳಿ ಬೆಡ್‌ಶೀಟ್ ತೆಗೆದು ಇಳಾಳ ತಲೆಯ ಮೇಲೆ ಹೊದಿಸಿ, ಕಣ್ಣು ಎಲ್ಲಿ ಬರುತ್ತದೆಂದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದೆ. ಆಗ ಎದುರು ಬ್ಲಾಕಿನ ವಿಶಾಲು ಆಂಟಿ ನಮ್ಮ ಡಬ್ಬಿ ವಾಪಸ್ ಕೊಡಲು ಬಂದರು. ನಂಜನಗೂಡಿನವರು. ಕಾಕಿ ಬುಕಿತ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಎಷ್ಟೋ ವರ್ಷ ಸೋಫಾ ಕವರ್ ಹೊಲಿದು ಆಗಷ್ಟೇ ಕೆಲಸ ಬಿಟ್ಟಿದ್ದರು. ಇಳಾಳ ವಿಷಯ ಅವರಿಗೆ ಪೂರ್ತಿ ಗೊತ್ತಿತ್ತು, ಅಳುವಾಗೆಲ್ಲ ನಾನು ಹೋಗಿ ಕೂರುತ್ತಿದ್ದುದು ಅವರ ಅಡುಗೆಮನೆಯಲ್ಲೇ.

"ಏನೇ ಮಾಡ್ತಿದ್ದೀಯ?"

"ದೆವ್ವದ ಡ್ರೆಸ್ ಆಂಟಿ. ಎರಡು ಹೋಲ್ ಮಾಡಿದ್ರೆ ಮುಗೀತು."

ಆಂಟಿ ಡಬ್ಬಿಯನ್ನು ನೆಲದ ಮೇಲಿಟ್ಟು ಬೆಡ್‌ಶೀಟನ್ನು ಒಂದೇ ಸಲಕ್ಕೆ ಎಳೆದುಹಾಕಿದರು. "ಹೊಲಿಗೆ ಇಲ್ದಿರೋ ಬಿಳೀ ಬಟ್ಟೆ, ತಲೆಯಿಂದ ಕಾಲ್ವರೆಗೂ ಮುಚ್ತೀಯ ಮಗೂಗೆ? ಬುದ್ಧಿ ಇದೆಯೇನೆ ನಿಂಗೆ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ನಮ್ಮಲ್ಲಿ ಹಾಗೆ ಯಾರಿಗೆ ಹೊದಿಸುತ್ತಾರೆ ಎಂಬುದು. ಇಷ್ಟು ಓದಿ, ಇಷ್ಟು ಊರು ಸುತ್ತಿ, ನನ್ನ ಕೈಯಾರೆ ನಾನು ಏನು ಮಾಡಹೊರಟಿದ್ದೆ!

ಇಳಾ ಅಳಲು ಶುರುಮಾಡಿದಳು. ಆಂಟಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ದೆವ್ವ ಬೇಕು ತಾನೆ? ನಾನು ಹೊಲೀತೀನಿ. ಮುಖ ಪೂರ್ತಿ ಮುಚ್ತೀನಿ. ಆದ್ರೆ ಪಾದ ಮಾತ್ರ ಮುಚ್ಚಲ್ಲ. ದೆವ್ವಕ್ಕೆ ಪಾದ ಹಿಂದುಮುಂದು ಇರುತ್ತೆ ಕಣೆ. ನಿನ್ನ ಪಾದ ನೆಟ್ಟಗೆ ಮುಂದಕ್ಕೇ ಇದೆ ಅಂತ ಎಲ್ರಿಗೂ ಕಾಣ್ಬೇಕು. ಇದು ನಮ್ಮ ಮಗು, ದೆವ್ವ ಅಲ್ಲ ಅಂತ ಗೊತ್ತಾಗ್ಬೇಕು."

ಟೇಪ್ ತಂದುಕೊಟ್ಟೆ, ಬೇಡವೆಂದರು. ಹೆಬ್ಬೆರಳು ಕಿರುಬೆರಳು ಅಗಲಿಸಿ ಇಳಾಳ ಭುಜದಿಂದ ಗೇಣು ಹಾಕುತ್ತಾ ಇಳಿದರು. ಆಮೇಲೆ ನನ್ನತ್ತ ತಿರುಗಿ, "ನೀನೂ ನೆಟ್ಟಗೆ ನಿಂತ್ಕೋ" ಎಂದು ನನ್ನ ಭುಜದಿಂದ ಕಾಲಿನ ಗಿಣ್ಣಿನವರೆಗೂ ಗೇಣು ಹಾಕಿದರು. ನನಗೂ ಒಂದು ದೆವ್ವ ಹೊಲಿಯುತ್ತಾರೆಂದು ಒಳಗೊಳಗೇ ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ.

ಮೂರು ಸಂಜೆ ಅವರ ಮನೆಯಲ್ಲಿ ಮಿಷನ್ ಸದ್ದು. ನಾನು ಪಕ್ಕದಲ್ಲಿ ಕೂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಸುದ್ದಿಪತ್ರಿಕೆಯನ್ನು ಮಡಿಸಿ, ಗೆರೆಯೇ ಎಳೆಯದೆ ಕತ್ತರಿಸಿದರು. ಬಿಡಿಸಿದರೆ ಅದು ತೋಳು! ಸೋಫಾ ಹೊಲಿಯುವ ಗಟ್ಟಿ ದಾರ ಹಾಕಿದರು. ಅಗಲವಾದ ತೋಳುಗಳು, ಮುಖಕ್ಕೆ ಬಲೆಬಟ್ಟೆ ಇಟ್ಟ ಟೊಪ್ಪಿಗೆ. ಎಲ್ಲ ಸರಿ, ಕೆಳಗೆ ಮಾತ್ರ ಸುತ್ತಲೂ ಒಂದರ ಮೇಲೊಂದು ಮಡಿಕೆಗಳು, ತೋಳಿನ ತುದಿಯಲ್ಲೂ ಮಡಿಕೆಗಳು. ದೆವ್ವ ಲಂಗ ಉಟ್ಟುಕೊಂಡು ನೆಂಟರ ಮನೆಗೆ ಹೊರಟ ಹಾಗಿತ್ತು.

ಫಾರ್ಮಿನಲ್ಲಿ ತಪ್ಪು ಹುಡುಕುವ ನನ್ನ ಬುದ್ಧಿ ಸುಮ್ಮನಿರಬೇಕಲ್ಲ. "ಆಂಟಿ, ಇದು ಒಂದಿನದ ಡ್ರೆಸ್. ಇಷ್ಟೊಂದ್ ಯಾಕೆ ಫೋಲ್ಡ್ ಮಾಡಿದ್ರಿ?"

ಅವರು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ ತಲೆ ಎತ್ತದೆ ಹೇಳಿದರು, "ಮಗು ಬೆಳೆಯಲ್ವಾ?"

ನನಗೆ ಮೊದಲು ಬಂದದ್ದು ಸಿಟ್ಟು. ಎಲ್ಲ ಗೊತ್ತಿದ್ದೂ ಹೀಗೆ ಹೇಳಿದರಲ್ಲ ಎಂದು. ಬೇರೇನೋ ತಪ್ಪು ಹುಡುಕಿದೆ. ಹೊಸ ಬಟ್ಟೆ ಹಾಕುವ ಮೊದಲು ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಪದ್ಧತಿ. ಅಂಚೆಲ್ಲ ತಿರುವಿ ನೋಡಿದರೂ ಅರಿಶಿನ ಕಾಣಲಿಲ್ಲ. "ಅರಿಶಿನ ಮರೆತುಬಿಟ್ರಾ?" ಎಂದೆ, ಸ್ವಲ್ಪ ಚುಚ್ಚುವ ಹಾಗೇ. "ಹಚ್ಚಿದೀನಿ. ಸಿಗುತ್ತೆ ಬಿಡು" ಎಂದರು. ಮರೆತದ್ದನ್ನು ಮುಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಹ್ಯಾಲೋವೀನ್ ಸಂಜೆ ವಾಯ್ಡ್ ಡೆಕ್ ತುಂಬ ಅಂಗಡಿಯ ಮಿರುಗುವ ಮೇಲಂಗಿಗಳು. ಅವುಗಳ ನಡುವೆ ನನ್ನ ದೆವ್ವ, ತನ್ನ ಪುಟ್ಟ ಪಾದಗಳನ್ನು ಎಲ್ಲರಿಗೂ ತೋರಿಸುತ್ತಾ ಓಡಿತು, ಕಿರುಚಿತು, ಕಂಬದ ಹಿಂದಿನಿಂದ ಹಾರಿ ದೊಡ್ಡ ಹುಡುಗಿಯರನ್ನು ಬೆಚ್ಚಿಬೀಳಿಸಿತು. ಎಷ್ಟೋ ತಿಂಗಳಿಂದ ಕೇಳದ ನಗು. ಒಂದು ಗಂಟೆಯಾಗಿರಬೇಕು, "ಒಳಗೆ ಸಿಕ್ಕಾಪಟ್ಟೆ ಸೆಕೆ ಲಾ!" ಎಂದು ಟೊಪ್ಪಿಗೆಯನ್ನು ತಾನೇ ಕಿತ್ತು ನನ್ನ ಕೈಗೆ ಎಸೆದಳು. ಬೆವರಿದ ಆ ದುಂಡು ಮುಖವನ್ನು ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಕಣ್ಣೂ ಚಾಕಲೇಟಿನ ಮೇಲಿತ್ತು.

ಮರುವರ್ಷ ನಿಲುವಂಗಿ ಹಾಗೆಯೇ ಸರಿಹೋಯಿತು. ಒಂದು ಮಡಿಕೆಯನ್ನೂ ಬಿಚ್ಚಬೇಕಾಗಲಿಲ್ಲ. ಬಾಂಬ್ ಶೆಲ್ಟರಿನ ಬಾಗಿಲು ಹಾಕಿಕೊಂಡು ಅತ್ತೆ. ಅದರ ಮುಂದಿನ ವರ್ಷ ಔಷಧಿ ಕಡಿಮೆಯಾಗಿತ್ತು. ಇಳಾ ಅಂಗಿ ತೊಟ್ಟು ನಿಂತಾಗ ಪಾದದ ಜೊತೆ ಕಾಲಿನ ಗಿಣ್ಣೂ ಕಾಣುತ್ತಿತ್ತು. ಎದುರು ಬ್ಲಾಕಿಗೆ ಓಡಿದೆ. ಆಂಟಿ ಬ್ಲೇಡು ಹಿಡಿದು ಬಂದು ಮೊದಲ ಮಡಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಒಳಗಿನ ಬಟ್ಟೆ ಹೊಚ್ಚಹೊಸದಾಗಿತ್ತು. ಅವರು ಹೋದ ಮೇಲೆ ನಾನು ಡ್ರಾಯರಿನಿಂದ ಪೆನ್ಸಿಲ್ ತೆಗೆದೆ.

ಆಮೇಲೆ ಆಂಟಿ ಮತ್ತು ಅಂಕಲ್ ಮೈಸೂರಿಗೆ ಶಿಫ್ಟ್ ಆದರು. ಮಡಿಕೆಗಳು ಮಾತ್ರ ಬಿಚ್ಚುತ್ತಾ ಬಂದವು. ಕೆಲವು ವರ್ಷ ಒಂದು, ಕೆಲವು ವರ್ಷ ಇಲ್ಲ, ಒಮ್ಮೆ ಒಟ್ಟಿಗೇ ಎರಡು. ಇಳಾಳ ಕಾಯಿಲೆ ಯಾವಾಗ ಬರುವುದು ನಿಂತಿತೆಂದು ಕೇಳಿದರೆ ನನಗೆ ತಕ್ಷಣ ನೆನಪಾಗುವುದಿಲ್ಲ. ಯಾವ ಮಡಿಕೆ ಎಂದು ಕೇಳಿದರೆ ಹೇಳಬಲ್ಲೆ.

ನಿನ್ನೆ ಇಳಾ ಕಾಲೇಜಿನಿಂದ ಬಂದವಳು ಬಾಗಿಲ ಬಳಿಯ ಅಸ್ಥಿಪಂಜರದ ಕೈ ಕುಲುಕಿ, ನನ್ನ ಕೈಯಲ್ಲಿದ್ದ ನಿಲುವಂಗಿ ಕಸಿದುಕೊಂಡಳು. ಈ ಸಲ ವಾಯ್ಡ್ ಡೆಕ್‌ನ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂದಿದೆ. ಕೆಳಗೆ ಉಳಿದಿದ್ದದ್ದು ಒಂದೇ ಮಡಿಕೆ. ಉಗುರಿನ ಕತ್ತರಿಯಿಂದ ಬಿಚ್ಚುತ್ತಾ ಕೂತಿದ್ದವಳು ಕೂಗಿದಳು, "ಅಮ್ಮ, ಇಲ್ಲೇನೋ ಯೆಲ್ಲೋ ಸ್ಟೇನ್ ಇದೆ ಲಾ. ಸಾರು ಚೆಲ್ಲಿದ್ಯಾ?"

ಹೋಗಿ ನೋಡಿದೆ. ಸಾರಲ್ಲ. ಬೆರಳ ತುದಿಯಷ್ಟು ಅಗಲದ, ಮಾಸಿದರೂ ಮಾಯವಾಗದ ಅರಿಶಿನದ ಬೊಟ್ಟು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಂದು ನನ್ನ ಭುಜದಿಂದ ಗೇಣು ಹಾಕಿದ್ದು ಇದಕ್ಕೆ. ಮಗಳು ತಾಯಿಯಷ್ಟು ಎತ್ತರವಾದಾಗ ಎಷ್ಟು ಬಟ್ಟೆ ಬೇಕು ಎಂದು ಅಳೆದಿದ್ದರು. ಡಾಕ್ಟರು ಕಾದು ನೋಡೋಣ ಎನ್ನುತ್ತಿದ್ದಾಗ, ಹೆತ್ತವಳೇ ಪೆನ್ಸಿಲ್ ಬಚ್ಚಿಟ್ಟಿದ್ದಾಗ, ಸೋಫಾ ಹೊಲಿಯುತ್ತಿದ್ದ ಹೆಂಗಸೊಬ್ಬಳು ಹತ್ತು ವರ್ಷ ಆಚೆಗೆ ಕೈಚಾಚಿ ಹರಸಿಟ್ಟಿದ್ದಳು. ಅಷ್ಟು ಧೈರ್ಯ ಒಬ್ಬರಿಗೆ ಎಲ್ಲಿಂದ ಬರುತ್ತದೆ? ನನಗೆ ಈಗಲೂ ಗೊತ್ತಿಲ್ಲ.

ಆಂಟಿಗೆ ವಿಡಿಯೋ ಕಾಲ್ ಮಾಡಿದೆ. ಕೂದಲು ಪೂರ್ತಿ ಬೆಳ್ಳಗಾಗಿದೆ.

"ಆಂಟಿ, ಅರಿಶಿನ ಸಿಕ್ತು."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಹಾಕ್ಕೊಂಡು ನಿಂತ್ಕೊಳಕ್ಕೆ ಹೇಳು ಅವಳಿಗೆ. ನೋಡ್ಬೇಕು."

ಇಳಾ ತೊಟ್ಟು ನಡುಮನೆಯಲ್ಲಿ ನಿಂತಳು. ನಾನು ಫೋನ್ ಹಿಡಿದೆ.

"ಬರೀ ಮುಖ ಕಾಣ್ತಿದೆ ಕಣೆ. ಹಿಂದೆ ಹೋಗು."

ಹಿಂದೆ ಹೋದೆ.

"ಇನ್ನೂ ಹಿಂದೆ. ಪಾದ ಕಾಣ್ತಿಲ್ಲ."

ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನನ್ನ ಬೆನ್ನು ತಾಗುವವರೆಗೂ ಹಿಂದೆ ಹಿಂದೆ ಹೋದೆ.

"ಹಾಂ," ಎಂದರು ಆಂಟಿ, "ಈಗ ಕಂಡಳು."