ಗಾಟ್‌ಲೀಬನ ಒಂಬತ್ತನೇ ಕಾಗದ

ಕೆಂಪಮ್ಮನವರು ಮೂವತ್ತು ವರ್ಷಕ್ಕೂ ಮಿಕ್ಕಿ ಹಳೇ ಕಾಗದಗಳ ನಡುವೆಯೇ ಬದುಕಿದವರು. ಆದರೆ ಅವುಗಳಲ್ಲಿ ಏನು ಬರೆದಿದೆ ಎಂದು ಓದಿದವರಲ್ಲ. ಸ್ಟುಟ್‌ಗಾರ್ಟಿನ ಹೊರವಲಯದ ಒಂದು ದಾಖಲೆ ಸಂಗ್ರಹಾಲಯದಲ್ಲಿ ಅವರಿಗೆ ಕೆಲಸ. ಹುಳ ತಿಂದ, ನೀರು ಕುಡಿದು ಮುದ್ದೆಯಾದ ಹಾಳೆಗಳನ್ನು ಬಿಡಿಸುವುದು, ಗೋಧಿ ಅಂಟು ಹಚ್ಚಿ ಹರಿದ ಕಡೆ ತೆಳ್ಳನೆಯ ಕಾಗದ ಕೂರಿಸುವುದು. ಮದ್ದೂರಿನ ಕಡೆಯ ಹಳ್ಳಿ ಮೇಷ್ಟ್ರೊಬ್ಬರ ಮಗಳು ಅವರು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಹೆಚ್ಚಿನ ಓದಿಗೆಂದು ಎಂಬತ್ತರ ದಶಕದಲ್ಲಿ ಬಂದವರು ಇಲ್ಲೇ ನಿಂತುಬಿಟ್ಟರು. ರೆನ್ನಿಂಗೆನ್ನಿನಲ್ಲಿ ಮನೆ ಮಾಡಿದರು, ಮಗಳು ಸಿಂಚನಾಳನ್ನು ಬೆಳೆಸಿದರು. ಗಂಡ ಹರಿಪ್ರಸಾದ ತೀರಿಕೊಂಡು ಆರು ವರ್ಷವಾಯಿತು.

ನಿವೃತ್ತಿಯಾದ ಮೇಲೆ ಅವರಿಗೆ ಒಂದು ಹಟ ಹತ್ತಿತು. ಇಷ್ಟು ವರ್ಷ ಮೈ ತೊಳೆದು ಗಾಯಕ್ಕೆ ಪಟ್ಟಿ ಕಟ್ಟಿದ್ದೇನೆ, ಒಂದು ದಿನವೂ ಮಾತಾಡಿಸಿಲ್ಲವಲ್ಲ ಎಂದುಕೊಂಡು ಹಳೆಯ ಜರ್ಮನ್ ಕೈಬರಹ ಕಲಿಯಲು ಸಂಜೆ ತರಗತಿಗೆ ಸೇರಿದರು. ನಮ್ಮ ಶಾನುಭೋಗರ ಮೋಡಿ ಅಕ್ಷರದ ಹಾಗೆಯೇ ಅದೂ. ಇಲ್ಲಿ ಹುಟ್ಟಿದವರಿಗೂ ಈಗ ಓದಲು ಬರುವುದಿಲ್ಲ. ಎರಡು ಚಳಿಗಾಲ ಕಣ್ಣು ಕೆಂಪಾಗಿಸಿಕೊಂಡು ಕೂತ ಮೇಲೆ ಆ ಮುಳ್ಳುಮುಳ್ಳು ಗೆರೆಗಳು ನಿಧಾನವಾಗಿ ಮಾತಾಗತೊಡಗಿದವು.

ಅದು ಹೇಗೋ ಎರಡು ಮನೆ ಆಚೆಯ ವೈಡ್ಲೆ ಅವರ ಕಿವಿಗೆ ಬಿತ್ತು. ಸಿಂಡೆಲ್‌ಫಿಂಗೆನ್ನಿನ ಕಾರು ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು, ಎಪ್ಪತ್ತೊಂಬತ್ತರ ವಯಸ್ಸಿನಲ್ಲೂ ಸೇಬಿನ ಮರ ಹತ್ತುತ್ತಿದ್ದ ಮನುಷ್ಯ. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಬೂಟಿನ ಡಬ್ಬವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು.

"ಫ್ರಾವ್ ಗೌಡ, ನೀವು ಕಾಗದದ ಡಾಕ್ಟರಲ್ಲವೇ? ಇವಕ್ಕೆ ಸ್ವಲ್ಪ ಕಾಯಿಲೆ." ಜರ್ಮನ್ ರೂಢಿಯಂತೆ ಅವರಿಗೆ ಕೆಂಪಮ್ಮ ಎಂದೂ 'ಶ್ರೀಮತಿ ಗೌಡ'ರೇ.

ಡಬ್ಬದಲ್ಲಿ ಇಪ್ಪತ್ತಮೂರು ಕಾಗದಗಳಿದ್ದವು. ಬರೆದವನು ಗಾಟ್‌ಲೀಬ್ ವೈಡ್ಲೆ, ಇವರ ಮುತ್ತಜ್ಜನ ತಮ್ಮ. ದ್ರಾಕ್ಷಿ ಬೆಳೆ ಕೈಕೊಟ್ಟ ವರ್ಷ, ಹತ್ತೊಂಬತ್ತರ ಪ್ರಾಯದಲ್ಲಿ ಹಡಗು ಹತ್ತಿದವನು ಅಮೆರಿಕದ ಸಿನ್ಸಿನಾಟಿಯಲ್ಲಿ ಪೀಪಾಯಿ ಮಾಡುವ ಕೆಲಸಕ್ಕೆ ನಿಂತ. ೧೮೬೧ರಲ್ಲಿ ಅಲ್ಲಿ ಉತ್ತರಕ್ಕೂ ಗುಲಾಮಗಿರಿಯ ದಕ್ಷಿಣಕ್ಕೂ ಅಂತರ್ಯುದ್ಧ ಶುರುವಾದಾಗ ಉತ್ತರದ ಕಡೆ ಜರ್ಮನ್ನರೇ ಸೇರಿ ಕಟ್ಟಿದ ಸ್ವಯಂಸೇವಕ ಕಾಲಾಳು ರೆಜಿಮೆಂಟಿಗೆ ಹೆಸರು ಕೊಟ್ಟ.

"ಗುಲಾಮರನ್ನು ಬಿಡಿಸೋದಕ್ಕೆ ಹೋರಾಡಿದವನು," ಎಂದರು ವೈಡ್ಲೆ. "ನಮ್ಮಜ್ಜಿ ಇವನ್ನು ಓದಿ ಹೇಳ್ತಿದ್ದಳು. ಶರತ್ಕಾಲಕ್ಕೆ ಊರಿನ ಮ್ಯೂಸಿಯಮ್ಮಿನವರು ವಲಸೆ ಹೋದವರ ಬಗ್ಗೆ ಪ್ರದರ್ಶನ ಇಡ್ತಾರಂತೆ. ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಕೆಂಪಮ್ಮ ಅಡುಗೆಮನೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತರು. ಮಡಿಕೆಗಳನ್ನು ಬಿಡಿಸುತ್ತ, ಓದುತ್ತ, ಓದಿದ್ದನ್ನು ಕಂಪ್ಯೂಟರಿನಲ್ಲಿ ಇಳಿಸುತ್ತ ಹೋದರು.

ಗಾಟ್‌ಲೀಬ ಬರೆಯುತ್ತಿದ್ದುದು ತಾಯಿಗೆ. ಒಳ್ಳೆಯ ಮಾತುಗಾರ. ಪಡೆಗೆ ಸೇರಿದ್ದು ಪೀಪಾಯಿ ಕೆಲಸ ನಿಂತುಹೋದದ್ದಕ್ಕೆ ಮತ್ತು ಅಲ್ಲಿನ ಜರ್ಮನ್ನರ ಗರಡಿಯ ಗೆಳೆಯರೆಲ್ಲ ಸೇರಿದ್ದಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆಜ್ಞೆಗಳೆಲ್ಲ ಜರ್ಮನ್ನಿನಲ್ಲೇ. "ಇಂಗ್ಲಿಷ್ ಮಾತಾಡುವ ಸೈನಿಕರು ನಮ್ಮನ್ನು ನೋಡಿ ನಗುತ್ತಾರೆ, ಆದರೆ ಹೆಜ್ಜೆ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ." ಮಳೆಯಲ್ಲಿ ಬೂಟಿನ ಅಟ್ಟೆ ಕಿತ್ತುಬಂದು ಹಗ್ಗ ಕಟ್ಟಿಕೊಂಡು ನಡೆದದ್ದು, ಶಿಬಿರದಲ್ಲಿ ದಡಾರ ಬಂದು ಒಂದೂ ಗುಂಡು ಹಾರಿಸದ ಹುಡುಗರು ಸಾಲಾಗಿ ಸತ್ತದ್ದು, ಕ್ರಿಸ್‌ಮಸ್ಸಿಗೆ ಹಂದಿಮಾಂಸದ ಬದಲು ಅಳಿಲು ಬೇಯಿಸಿದ್ದು, ಎಲ್ಲವೂ ಅಲ್ಲಿತ್ತು. ೧೮೬೨ರ ಜನವರಿಯಲ್ಲಿ ಕೆಂಟಕಿಯ ಮಂಜಿನಲ್ಲಿ ಮೊದಲ ದೊಡ್ಡ ಕಾಳಗ. ಬಂದೂಕಿನ ತುದಿಗೆ ಚೂರಿ ಸಿಕ್ಕಿಸಿ ಓಡಿದರು. "ನಾವೆಲ್ಲ ಕೂಗುತ್ತಿದ್ದೆವು. ನಾನೂ ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ ಅಮ್ಮ."

ಮರುವರ್ಷ ಚಿಕಮಾಗಾ ಎಂಬ ಹೊಳೆಯ ಬಳಿ ಎರಡು ದಿನದ ಯುದ್ಧ. ಇವನ ತುಕಡಿಯಲ್ಲಿ ಬೆಳಿಗ್ಗೆ ಹೋದವರು ಐವತ್ತೆಂಟು. ಸಂಜೆ ಹೆಸರು ಕೂಗಿದಾಗ 'ಇದ್ದೇನೆ' ಎಂದವರು ಮೂವತ್ತು. ಒಂದೇ ಊರಿಂದ ಬಂದಿದ್ದ ಗೆಳೆಯ ಕಾರ್ಲ್ ನೀರು ನೀರು ಎಂದು ಸತ್ತ. ಹೊಳೆ ಇದ್ದದ್ದು ಕೂಗಳತೆಯ ದೂರದಲ್ಲಿ.

ಒಂಬತ್ತನೇ ಕಾಗದ ಮಾತ್ರ ಬೇರೆ ಥರ ಇತ್ತು. ಅಂಟಿಕೊಂಡುಹೋಗಿದ್ದರಿಂದ ಅದನ್ನು ಕೊನೆಗೆ ಉಳಿಸಿಕೊಂಡಿದ್ದರು. ಡಿಸೆಂಬರ್ ೧೮೬೧, ಕೆಂಟಕಿಯ ಶಿಬಿರ. ಒಡೆಯನಿಂದ ತಪ್ಪಿಸಿಕೊಂಡ ಕರಿಯ ಮನುಷ್ಯನೊಬ್ಬ ಗಾಟ್‌ಲೀಬ ಕಾವಲಿದ್ದಾಗ ಬಂದು ಆಶ್ರಯ ಕೇಳಿದ. ನೀಲಿ ಅಂಗಿಯ ಈ ಉತ್ತರದ ಸೈನಿಕರು ತನ್ನ ಕಡೆಯವರು ಎಂದು ನಂಬಿ ಮೂರು ದಿನ ನಡೆದು ಬಂದಿದ್ದ. ಆದರೆ ಕೆಂಟಕಿ ಉತ್ತರದ ಕಡೆ ಇದ್ದರೂ ಅಲ್ಲಿ ಗುಲಾಮಗಿರಿ ಇನ್ನೂ ಕಾನೂನೇ. ಮಧ್ಯಾಹ್ನ ಒಡೆಯ ಕುದುರೆ ಮೇಲೆ ಬಂದ. ಗಾಟ್‌ಲೀಬನೇ ಆ ಮನುಷ್ಯನ ತೋಳು ಹಿಡಿದು ಕರೆತಂದು ಒಪ್ಪಿಸಿದ. "ಒಡೆಯ ಸಭ್ಯಸ್ಥ. ನನಗೆ ಒಂದು ಪೊಟ್ಟಣ ಹೊಗೆಸೊಪ್ಪು ಕೊಟ್ಟ, ಬಹಳ ಒಳ್ಳೆಯದು. ಕಾನೂನು ಎಂದರೆ ಕಾನೂನು. ನಾವು ಬಂದಿರುವುದು ದೇಶ ಒಡೆಯದಂತೆ ನೋಡಿಕೊಳ್ಳಲು, ಕರಿಯರಿಗೋಸ್ಕರ ಅಲ್ಲ."

ಆಗ ಕೆಂಪಮ್ಮನವರಿಗೆ ಇಪ್ಪತ್ತನೇ ಕಾಗದ ಅರ್ಥವಾಯಿತು. ಅದು ೧೮೬೪ರ ಬೇಸಿಗೆಯದು. ಮೂರು ವರ್ಷದ ಕರಾರು ಮುಗಿದು ರೆಜಿಮೆಂಟು ಸಿನ್ಸಿನಾಟಿಗೆ ಮರಳಿತ್ತು. ಬ್ಯಾಂಡು, ಹೂವು, ಬಿಯರು. ನಡುವೆ ಕೆಲವೇ ಸಾಲು: "ಜನ ನಮ್ಮನ್ನು ಗುಲಾಮರ ಬಿಡುಗಡೆ ಮಾಡಿದವರು ಎನ್ನುತ್ತಾರೆ. ನನಗೆ ಆ ತೋಳು ಕೈಗೆ ಹತ್ತಿದ ಹಾಗೇ ಇದೆ. ಅವನು ಒಂದು ಮಾತೂ ಆಡಲಿಲ್ಲ. ನಾನು ಅವನ ಹೆಸರನ್ನೂ ಕೇಳಲಿಲ್ಲ. ಅಮ್ಮ, ಇದನ್ನು ಪಾದ್ರಿಗೆ ತೋರಿಸಬೇಡ."

ಬೆರಳಚ್ಚು ಮಾಡಿದ ಪ್ರತಿ ಓದಿದ ವೈಡ್ಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂಬತ್ತನೇದು ಬೇಡ," ಎಂದರು.

"ಅದಿಲ್ಲದಿದ್ದರೆ ಇಪ್ಪತ್ತನೇದು ಯಾರಿಗೂ ತಿಳಿಯೋದಿಲ್ಲ, ಹೆರ್ ವೈಡ್ಲೆ. ಇಡೀ ಕಂತೆಯಲ್ಲಿ ಅತಿ ಒಳ್ಳೆಯ ಕಾಗದ ಆ ಇಪ್ಪತ್ತನೇದೇ."

"ಹಾಗಾದರೆ ಎರಡೂ ಬೇಡ."

"ಅದು ಸುಳ್ಳಾಗುತ್ತೆ. ನನ್ನ ಕೈಯಲ್ಲಿ ಆಗೋಲ್ಲ. ನಾನು ಹಾಳೆ ಸರಿಮಾಡೋಳು, ತಿದ್ದೋಳಲ್ಲ."

ವೈಡ್ಲೆ ಮುಖ ಕೆಂಪಾಯಿತು. "ನಾಜಿಗಳ ಕಾಲದಲ್ಲಿ ನನ್ನಪ್ಪ ಯಾವ ಸಮವಸ್ತ್ರ ಹಾಕಿದ್ದ ಅಂತ ನಿಮಗೆ ಗೊತ್ತು. ಅವನ ಬಗ್ಗೆ ನಮ್ಮನೇಲಿ ಯಾರೂ ಮಾತಾಡ್ತಿರಲಿಲ್ಲ. ತಲೆ ಎತ್ತಿ ಹೇಳಿಕೊಳ್ಳೋಕೆ ನಮಗೆ ಇದ್ದವನು ಇವನೊಬ್ಬ. ನನ್ನ ಮೊಮ್ಮಕ್ಕಳಿಗೆ ಇವನ ಕಥೆ ಹೇಳಿದ್ದೀನಿ. ನಿಮಗೇನು, ನಿಮ್ಮ ಮನೆಯವನಲ್ಲ."

ಡಬ್ಬ ಎತ್ತಿಕೊಂಡು ಹೊರಟೇಬಿಟ್ಟರು. ಮೂವತ್ತು ವರ್ಷದ ನೆರೆಹೊರೆ. ಹರಿಪ್ರಸಾದ ಆಸ್ಪತ್ರೆಯಲ್ಲಿದ್ದಾಗ ದಿನಾ ಕಾರಿನಲ್ಲಿ ಕರೆದೊಯ್ದ ಮನುಷ್ಯ. ಅಲ್ಲಿಂದ ಮುಂದೆ ಎರಡು ತಿಂಗಳು ಬೀದಿಯಲ್ಲಿ ಎದುರಾದರೆ ಬರೀ ತಲೆಯಾಡಿಸುವುದು, ಅಷ್ಟೇ.

ಎರಡು ತಿಂಗಳ ಮೇಲೊಂದು ಶನಿವಾರ ಮಗಳು ಊಟಕ್ಕೆ ಬಂದಾಗ ಕೆಂಪಮ್ಮ ಎಲ್ಲ ಹೇಳಿ ಸಿಡಿಮಿಡಿಗೊಂಡರು. "ಇವರ ಮ್ಯೂಸಿಯಮ್ ತುಂಬ ಪಶ್ಚಾತ್ತಾಪ ಇಟ್ಟಿರ್ತಾರೆ ಕಣೆ, ಸ್ವಂತ ಮನೆಯ ಒಂದು ಹಾಳೆ ತೋರಿಸು ಅಂದ್ರೆ ಆಗಲ್ಲ."

ಸಿಂಚನಾ ಸಾರಿನ ಬಟ್ಟಲು ಕೆಳಗಿಟ್ಟಳು. "ಮಮ್ಮಾ, ಬಟ್ ನಾವೂ ಹಾಗೇ ಅಲ್ವಾ? ತಾತನ ಬಗ್ಗೆ ನೀನು ಹೇಳೋದೆಲ್ಲ ಒಳ್ಳೇದೇ. ದೀಪದ ಬೆಳಕಲ್ಲಿ ಪಾಠ ಹೇಳಿದ್ರು, ಊರಿಗೆ ಸ್ಕೂಲ್ ತಂದ್ರು. ಇರ್ಗೆಂಡ್‌ವಾಸ್, ಬೇರೆ ಏನಾದ್ರೂ ಇರಬೇಕಲ್ಲ?" ಎಂದಳು, ಎಂದಿನಂತೆ ಜರ್ಮನ್ ಬೆರೆಸಿ.

"ಏನಿರುತ್ತೆ?" ಎಂದು ಕೆಂಪಮ್ಮ ಕೇಳಿದರು. ಕೇಳಿದ ಕ್ಷಣವೇ ಏನಿತ್ತು ಎಂಬುದು ಅವರ ಮುಂದೆ ಬಂದು ನಿಂತಿತ್ತು.

ಅಪ್ಪನ ಶಾಲೆಯಲ್ಲಿ ಕೇರಿಯ ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದರು. ಅಪ್ಪ ಮಾಡಿದ ನಿಯಮವಲ್ಲ, ಊರಿನದು. ಆದರೆ ಅಪ್ಪ ಮುರಿದದ್ದೂ ಇಲ್ಲ. ಜಗಲಿಯಲ್ಲಿ ಕೂರುವವರಲ್ಲಿ ಪುಟ್ಟಲಕ್ಷ್ಮಿ ಎಂಬ ಹುಡುಗಿ. ಕೆಂಪಮ್ಮನದೇ ವಯಸ್ಸು, ಒಂಬತ್ತಿರಬಹುದು, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಒಂದು ಬೇಸಿಗೆಯ ದಿನ ಒಳಗೆ ಬಂದು ಮಡಕೆಯಿಂದ ನೀರು ತೆಗೆದು ಕುಡಿದಳು. ಅಪ್ಪ ಗದರಲಿಲ್ಲ, ಹೊಡೆಯಲಿಲ್ಲ. ಮೆಲ್ಲನೆಯ ದನಿಯಲ್ಲಿ, "ಮನೆಗೆ ಹೋಗವ್ವ" ಎಂದರು. ಮಡಕೆ ಒಡೆಸಿದರು. ಪುಟ್ಟಲಕ್ಷ್ಮಿ ಮತ್ತೆ ಶಾಲೆಗೆ ಬರಲಿಲ್ಲ.

ಇದನ್ನು ಕೆಂಪಮ್ಮ ಗಂಡನಿಗೂ ಹೇಳಿರಲಿಲ್ಲ. ಅವತ್ತು ಮಗಳಿಗೆ ಹೇಳಿದರು. ಸಿಂಚನಾ ತೀರ್ಪು ಕೊಡಲಿಲ್ಲ. "ಅವರು ಈಗ ಎಲ್ಲಿದಾರೆ?" ಎಂದಷ್ಟೇ ಕೇಳಿದಳು. ಕೆಂಪಮ್ಮನವರಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಅವರೇ ವೈಡ್ಲೆ ಮನೆಯ ಗಂಟೆ ಒತ್ತಿದರು. "ಕಾಗದದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ," ಎಂದರು. "ಆದರೆ ನಮ್ಮ ಮನೇಲಿ ಇಂಥದ್ದು ಇಲ್ಲವೇ ಇಲ್ಲ ಅನ್ನೋ ಥರ ಮಾತಾಡಿದೆ. ಅದು ತಪ್ಪು." ಅಪ್ಪನ ಕಥೆಯನ್ನು ಬಾಗಿಲಲ್ಲಿ ನಿಂತೇ ಹೇಳಿದರು.

ವೈಡ್ಲೆ ಕೇಳಿಸಿಕೊಂಡು ಒಳಗೆ ಕರೆದು ಕೂರಿಸಿದರು. "ನಮ್ಮಜ್ಜಿ ಓದುವಾಗ ಒಂದು ಕಾಗದ ಬಂದರೆ ಹಾಗೇ ಮಡಚಿ ಕೆಳಗೆ ಇಡ್ತಿದ್ದಳು. 'ಇದರಲ್ಲೇನೂ ಇಲ್ಲ' ಅಂತ. ಯಾವುದೋ ಹೆಂಗಸಿನ ವಿಷಯ ಇರಬೇಕು ಅಂದುಕೊಂಡಿದ್ದೆ. ಈ ಎರಡು ತಿಂಗಳು ಅದನ್ನೇ ಯೋಚನೆ ಮಾಡ್ತಿದ್ದೀನಿ. ಅವಳಿಗೆ ಗೊತ್ತಿತ್ತು ಫ್ರಾವ್ ಗೌಡ. ಗೊತ್ತಿದ್ದೂ ನನಗೆ ಒಬ್ಬ ಶೂರನನ್ನು ಮಾಡಿಕೊಟ್ಟಳು. ಎರಡನೇ ಮಹಾಯುದ್ಧ ಮುಗಿದ ಕಾಲ, ಅಪ್ಪ ಸೆರೆಯಿಂದ ವಾಪಸ್ಸಾಗಿರಲಿಲ್ಲ. ಆಗ ಮಗುವಾಗಿದ್ದ ನನಗೆ ಅದು ಬೇಕಿತ್ತೋ ಏನೋ."

"ಈಗ?"

"ಈಗ ನನಗೆ ಎಪ್ಪತ್ತೊಂಬತ್ತು. ಈಗಲೂ ಬೇಕು ಅಂದರೆ ನಾಚಿಕೆಗೇಡು." ಎದ್ದು ಹೋಗಿ ಡಬ್ಬ ತಂದರು.

ಅಕ್ಟೋಬರಿನ ಒಂದು ಭಾನುವಾರ ಮ್ಯೂಸಿಯಮ್ಮಿನ ಸಣ್ಣ ಸಭಾಂಗಣದಲ್ಲಿ ಅರವತ್ತು ಜನ ಸೇರಿದ್ದರು. ಒಂಬತ್ತನೇ ಕಾಗದವನ್ನು ತಾನೇ ಓದುತ್ತೇನೆಂದು ವೈಡ್ಲೆ ಹಟ ಹಿಡಿದಿದ್ದರು. ಹೊಗೆಸೊಪ್ಪಿನ ಸಾಲಿಗೆ ಬಂದಾಗ ಹಾಳೆ ಕೆಳಗಿಟ್ಟರು. ನೀರು ಕುಡಿದು ಮತ್ತೆ ಅದೇ ಸಾಲಿನಿಂದ ಶುರುಮಾಡಿದರು. ಹಿಂದಿನಿಂದ ಯಾರೋ, "ಇದೆಲ್ಲ ಈಗ ಬೇಕಿತ್ತಾ?" ಎಂದದ್ದು ಎಲ್ಲರಿಗೂ ಕೇಳಿಸಿತು. ಒಬ್ಬಾಕೆ ಎದ್ದುಹೋದಳು. ಆಮೇಲೆ ಕೆಂಪಮ್ಮ ಇಪ್ಪತ್ತನೇದನ್ನು ಓದಿದರು. ನಲವತ್ತು ವರ್ಷ ಕಳೆದರೂ ಮದ್ದೂರಿನ ರಾಗ ಬಿಡದ ಅವರ ಜರ್ಮನ್ನಿನಲ್ಲಿ, "ಹೆಸರನ್ನೂ ಕೇಳಲಿಲ್ಲ" ಎಂಬುದನ್ನು ಓದಿ ನಿಲ್ಲಿಸಿದರು. ವೈಡ್ಲೆ ಅವರ ಹದಿನಾಲ್ಕು ವರ್ಷದ ಮೊಮ್ಮಗಳು ಬಂದು ತಾತನ ತೋಳಿಗೆ ತಲೆಯಾನಿಸಿ ನಿಂತಳು.

ಆ ವಾರ ಕೆಂಪಮ್ಮ ಊರಿನ ತಮ್ಮ ಸುನಿಲಕುಮಾರನಿಗೆ ಫೋನು ಮಾಡಿ ಪುಟ್ಟಲಕ್ಷ್ಮಿಯನ್ನು ಹುಡುಕಲು ಹೇಳಿದರು. ಅವನು, "ಅದ್ಯಾಕಕ್ಕ ಈಗ?" ಎಂದು ಗೊಣಗಿದರೂ ಹದಿನೈದು ದಿನದಲ್ಲಿ ನಂಬರು ಕಳಿಸಿದ. ಚನ್ನಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದಳಂತೆ. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ದುಡಿದು ಮೂರು ಮಕ್ಕಳನ್ನು ಓದಿಸಿದವಳು.

ಫೋನು ಎತ್ತಿದ ದನಿ ಗಡುಸಾಗಿತ್ತು. "ಯಾವ ಕೆಂಪಿ? ಮೇಷ್ಟ್ರ ಮಗ್ಳಾ?"

ಕೆಂಪಮ್ಮ ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆದುರಿದವು. ಮಡಕೆ, ನೀರು, ಅಪ್ಪ ಮಾಡಿದ್ದು ತಪ್ಪು, ನಾನು ಮರೆತಿಲ್ಲ ಎಂದು ಹೇಗೋ ಹೇಳಿ ಮುಗಿಸಿದರು.

"ನಿಮ್ಮಪ್ಪನ್ನ ನಾನು ಅಂದೇ ಬುಟ್ಬುಟ್ಟೆ ಕಣೆ," ಎಂದಳು ಪುಟ್ಟಲಕ್ಷ್ಮಿ. "ದೊಡ್ಡೋರು, ಹಂಗೇ ಇದ್ದದ್ದು ಆಗ. ನಾನು ಬಾಗ್ಲು ದಾಟಿ ಹೋಗೋವಾಗ ಒಳಗೆ ಕುಂತಿದ್ದೋರು ನಕ್ರಲ್ಲ, ಅದು ಮರೀಲಿಲ್ಲ. ನೀನೂ ನಗ್ತಿದ್ದೆ."

ಕೆಂಪಮ್ಮನವರ ನೆನಪಿನಲ್ಲಿ ನಗು ಇರಲೇ ಇಲ್ಲ. ಹುಡುಕಿದರು, ಸಿಗಲಿಲ್ಲ.

"ನಂಗೆ ಗ್ಯಾಪ್ಕ ಇಲ್ಲ ಕಣೆ," ಎಂದರು ಕೊನೆಗೆ. "ಆದ್ರೆ ನೀನು ಹೇಳ್ತಾ ಇದೀಯ ಅಂದ್ರೆ, ನಕ್ಕಿರ್ತೀನಿ."

"ನಕ್ಕಿದ್ದೆ," ಎಂದಳು ಪುಟ್ಟಲಕ್ಷ್ಮಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಮತ್ತೆ, "ಅಲ್ಲೆಲ್ಲಾ ಬೋ ಚಳಿಯಂತಲ್ಲ, ಹೆಂಗಿದೀಯೆ?" ಎಂದು ಕೇಳಿದಳು.

ಕೆಂಪಮ್ಮ ಕುರ್ಚಿ ಎಳೆದುಕೊಂಡು ಕೂತು, ಚಳಿಯ ವಿಷಯ ಹೇಳತೊಡಗಿದರು.