ಗುರಣ್ಣನ ಕಿವಿಗೆ ಕಾವಲು

ಕಾತ್ರಜದ ನಮ್ಮ ಓಣಿಯಲ್ಲಿ ಗುರಣ್ಣನ ಕಿವಿಯಷ್ಟು ಹೆಸರು ಮಾಡಿದ ಅಂಗ ಇನ್ನೊಂದಿಲ್ಲ. ನನ್ನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅವನು ಕಿವಿಗೆ ಹಾಕದ ವಸ್ತು ಉಳಿದಿಲ್ಲ. ಬೆಂಕಿಕಡ್ಡಿ, ಸ್ಕೂಟರಿನ ಕೀಲಿ, ಪೆನ್ನಿನ ರೀಫಿಲ್ಲು, ಹೆಂಡತಿಯ ಹೇರ್‌ಪಿನ್ನು, ಒಮ್ಮೆ ನಾನು ಚೀಲ ಹೊಲಿಯುವ ದಬ್ಬಣ. ಬೈದರೆ, ಹಾಕಿದ್ದು ದಬ್ಬಣದ ಹಿಂದಿನ ತುದಿ, ಮುಂದಿನದಲ್ಲ ಎಂದು ನನಗೇ ಸಮಜಾಯಿಷಿ ಕೊಟ್ಟ. ಕಿವಿಯಲ್ಲಿ ಏನಾದರೂ ತಿರುಗುವಾಗ ಅವನ ಕಣ್ಣು ಅರ್ಧ ಮುಚ್ಚಿ, ಬಾಯಿ ಒಂದು ಕಡೆಗೆ ವಾಲುತ್ತಿತ್ತು. ಆ ಹೊತ್ತಿನಲ್ಲಿ ಏನು ಕೇಳಿದರೂ ಹೂಂ ಎನ್ನುತ್ತಿದ್ದ.

ಬಾವಿಗೆ ಇಳಿಯುವುದು ಅವನ ಕಸುಬು. ಅಫಜಲಪುರದ ಕಡೆಯಿಂದ ಈ ಮರಾಠಿ ನಾಡಿಗೆ ಕಟ್ಟಡದ ಕೆಲಸಕ್ಕೆ ಬಂದವನು, ಭೀಮಾ ನದಿಯಲ್ಲಿ ಈಜಿ ಬೆಳೆದವನು. ಸುತ್ತಲ ಹಳ್ಳಿಗಳಲ್ಲಿ ಯಾರದಾದರೂ ಪಂಪು ಕಳಚಿ ಬಾವಿಗೆ ಬಿದ್ದರೆ ಇವನಿಗೇ ಫೋನು. ಮೇಲೆ ಬಂದವನೇ ಕಿವಿಯ ನೀರು ತೆಗೆಯಲೆಂದು ಕಡ್ಡಿ ಹುಡುಕುತ್ತಿದ್ದ. ಮಳೆಗಾಲ ಬಂತೆಂದರೆ ಕಿವಿ ಸೋರುತ್ತಿತ್ತು. ಆಗ ಹೆಂಡತಿ ಚಂದಮ್ಮ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು ಹತ್ತಿ ತುರುಕುತ್ತಿದ್ದಳು. ಆಷಾಢದಿಂದ ದಸರೆಯವರೆಗೆ ಗುರಣ್ಣ ಒಗ್ಗರಣೆಯ ವಾಸನೆ ಹೊಡೆಯುತ್ತ ತಿರುಗುವುದು ನಮಗೆಲ್ಲ ರೂಢಿಯಾಗಿತ್ತು.

ಸಾಸವಡದ ಆಚೆ ಒಂದು ಹಳೆಯ ಬಾವಿಯಿದೆ. ಅದರ ತಳದ ಹತ್ತಿರ ಬಂಡೆಯಲ್ಲಿ ಗವಿಯೊಂದು ಬಾಯಿ ತೆರೆದಿದೆ, ಒಳಗೆಲ್ಲ ನೀರೇ. ಗುರಣ್ಣ ಎಷ್ಟೋ ಸಲ ಉಸಿರು ಬಿಗಿಹಿಡಿದು ಅಲ್ಲಿಯವರೆಗೆ ಹೋಗಿ, ಒಳಗೆ ಕೈ ಹಾಕಿ, ಉಸಿರು ಮುಗಿದು ವಾಪಸು ಬಂದಿದ್ದ. ಆ ಗವಿ ಅವನ ತಲೆ ಹೊಕ್ಕಿತ್ತು. ಅದರ ಕೊನೆಯಲ್ಲಿ ಏನಿದೆಯೆಂದು ನೋಡದೆ ಸತ್ತರೆ ತನಗೆ ಸದ್ಗತಿಯಿಲ್ಲ ಎಂದು ನನ್ನ ಕಟ್ಟೆಯ ಮೇಲೆ ಕೂತು ಹಲುಬುತ್ತಿದ್ದ.

ಪೇಟೆಯ ಕ್ಯಾಂಪ್ ಬಡಾವಣೆಯ ಈಜುಕೊಳವೊಂದರಲ್ಲಿ ಕೇದಾರ ಎಂಬವನು ಸ್ಕೂಬಾ ಕಲಿಸುತ್ತಾನೆ. ಗುರಣ್ಣ ಅಲ್ಲಿ ಸಿಲಿಂಡರು ಎತ್ತಿಡುವ ಕೆಲಸ ಹಿಡಿದು, ಎತ್ತುತ್ತ ಎತ್ತುತ್ತ ಅದನ್ನು ಬೆನ್ನಿಗೆ ಕಟ್ಟಿಕೊಂಡು ಮುಳುಗುವುದನ್ನೂ ಕಲಿತ. ಗವಿಯ ಮಾತು ಕೇಳಿ ಕೇದಾರನಿಗೂ ಹುಚ್ಚು ಹತ್ತಿತು. ಗವಿಗಳಲ್ಲಿ ಮುಳುಗಿ ಅನುಭವವಿದ್ದ ಅವನು, ಗುರಣ್ಣನಿಗೆ ತಿಂಗಳುಗಟ್ಟಲೆ ತಾಲೀಮು ಕೊಟ್ಟು ದೀವಾಳಿ ಮುಗಿದ ಮೇಲೆ ಇಳಿಯುವುದೆಂದು ಗೊತ್ತು ಮಾಡಿದ. ಆದರೆ ಒಂದು ಷರತ್ತು ಹಾಕಿದ. ಕಿವಿಯ ಡಾಕ್ಟರು ಒಪ್ಪಬೇಕು. ಗವಿಯೊಳಗೆ ಕಿವಿ ನೋವೆದ್ದರೆ ತಟ್ಟನೆ ಮೇಲೆ ಬರಲು ಅಲ್ಲಿ ಮೇಲೆ ಎನ್ನುವುದೇ ಇಲ್ಲ, ಬಂಡೆಯಿದೆ.

ಡಾಕ್ಟರು ನರ್ಮದಾಬಾಯಿ ಕಿವಿಗೆ ಬೆಳಕು ಬಿಟ್ಟು ನೋಡಿ, ಒಳಗೆ ಯಾರಾದರೂ ನೇಗಿಲು ಹೊಡೆದಿದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದರಂತೆ. ಗುಗ್ಗೆ ಎಂದರೆ ಕೊಳೆಯಲ್ಲ, ಚರ್ಮವನ್ನು ಕಾಯುವ ಮೇಣ. ಕೆರೆದರೆ ಗೀರು ಬೀಳುತ್ತದೆ, ಗೀರಿಗೆ ಬಾವಿಯ ನೀರು ಸೇರಿದರೆ ಕೀವಾಗುತ್ತದೆ ಎಂದರು. ಎಣ್ಣೆ ಬೇಡ, ಹತ್ತಿ ಬೇಡ, ಕಡ್ಡಿಯಂತೂ ಬೇಡವೇ ಬೇಡ. ನೆಗಡಿಯಾದಾಗ ನೀರಿಗೆ ಇಳಿಯುವ ಹಾಗಿಲ್ಲ. ಇಳಿಯುವಾಗ ನೋವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಮೇಲೆ ಬಂದಮೇಲೆ ತಲೆ ಬಾಗಿಸಿ ನೀರು ಬಸಿಯಬೇಕು. ಕಿವಿ ಪೂರ್ತಿ ವಾಸಿಯಾಗಿ, ಒಳಗಿನ ತಮಟೆ ನೆಟ್ಟಗಿದೆಯೆಂದು ತಾವು ನೋಡಿದ ನಂತರ, ಮುಳುಗಿ ಎದ್ದಮೇಲೆ ಹಾಕಲು ಕಿವಿ ಒಣಗಿಸುವ ಹನಿ ಔಷಧಿ ಕೊಡುವುದಾಗಿ ಹೇಳಿದರು.

ಗುರಣ್ಣ ಎಲ್ಲಕ್ಕೂ ತಲೆಯಾಡಿಸಿ, ಮೆಟ್ಟಿಲಿಳಿಯುವಾಗ ಜೇಬಿನಿಂದ ಕೀಲಿ ತೆಗೆದ. ಜೊತೆಗೆ ಹೋಗಿದ್ದ ಚಂದಮ್ಮ ಅಲ್ಲೇ ಅವನ ಕೈ ಹಿಡಿದಳು. ಕಾವಲು ಶುರುವಾದದ್ದು ಆಗ.

ಆ ಹೆಂಗಸಿನ ಆಡಳಿತವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ತನ್ನ ಪಿನ್ನುಗಳನ್ನೆಲ್ಲ ಬೀಗ ಹಾಕಿಟ್ಟು ತಲೆಗೆ ದಾರ ಕಟ್ಟಿಕೊಂಡಳು. ಒಲೆಗೆ ಲೈಟರು ಬಂತು. ನನ್ನ ಅಂಗಡಿಗೆ ಬಂದು, ಅವನಿಗೆ ಬೆಂಕಿಪೊಟ್ಟಣ ಮಾರಿದರೆ ನನ್ನ ಮನೆಯ ಸೌಖ್ಯಕ್ಕೆ ತಾನು ಹೊಣೆಯಲ್ಲ ಎಂದಳು. ವ್ಯಾಪಾರಸ್ಥನಿಗೆ ಹೀಗೆ ಹೇಳುವುದು ಯಾವ ನ್ಯಾಯ? ನಾನು ಪೊಟ್ಟಣಗಳನ್ನು ಒಳಕ್ಕೆ ಸರಿಸಿಟ್ಟೆ. ಚಹಾದಂಗಡಿಯವನು, ಹಾಲಿನವನು, ಓಣಿಯ ಮುದುಕಿಯರು ಎಲ್ಲರೂ ಅವಳ ಗುಪ್ತಚರರಾದರು. ಗುರಣ್ಣನ ಕಿರುಬೆರಳು ಭುಜಕ್ಕಿಂತ ಮೇಲೆ ಎದ್ದರೆ ಸಾಕು, ಎಲ್ಲಿಂದಲೋ ಕೆಮ್ಮು ಕೇಳುತ್ತಿತ್ತು.

ಅವನ ಪಾಡು ನೋಡಲಾಗುತ್ತಿರಲಿಲ್ಲ. ಕಿವಿ ನವೆಯಾದಾಗ ಕಂಬಕ್ಕೆ ಎಮ್ಮೆಯಂತೆ ತಲೆ ತಿಕ್ಕುತ್ತಿದ್ದ. ಒಂದು ದಿನ ಕಣ್ಣಲ್ಲಿ ನೀರು ತಂದು, ಹುಣಸೆ ಕಡ್ಡಿಯಾದರೂ ಕೊಡು ಮಾರಾಯ ಎಂದು ನನ್ನ ಕಾಲಿಗೆ ಬೀಳಲು ಬಂದ. ಕೊಡಬೇಕೆಂದು ನನ್ನ ಕೈ ಮುಂದಾಗಿತ್ತು. ಅಷ್ಟರಲ್ಲಿ ಎದುರು ಮನೆಯ ಕಿಟಕಿ ಕೆಮ್ಮಿತು. ಊರಿನಿಂದ ಅವನ ಅಕ್ಕ ಶರಣಮ್ಮ ಬೆಳ್ಳುಳ್ಳಿ ಎಣ್ಣೆಯ ಸೀಸೆ ಹಿಡಿದೇ ಬಸ್ಸಿಳಿದಳು. ಚಂದಮ್ಮ ಆ ಎಣ್ಣೆಯಲ್ಲಿ ಬದನೆಕಾಯಿ ಪಲ್ಯ ಮಾಡಿ ಬಡಿಸಿದ್ದಕ್ಕೆ ಅಕ್ಕ ಎರಡು ಹೊತ್ತು ಮಾತು ಬಿಟ್ಟಳು.

ದೀವಾಳಿಯ ಹೊತ್ತಿಗೆ ಕಿವಿ ಒಣಗಿತು. ನರ್ಮದಾಬಾಯಿ ತಮಟೆ ನೋಡಿ, ಹನಿ ಔಷಧಿ ಬರೆದುಕೊಟ್ಟು, ಇಳಿಯಬಹುದು ಎಂದರು. ಗುರಣ್ಣ ಓಣಿಗೆಲ್ಲ ಪೇಢೆ ಹಂಚಿದ. ಚಂದಮ್ಮ ಮಾತ್ರ ಪೇಢೆ ಮುಟ್ಟಲಿಲ್ಲ. ಹಲ್ಲುನೋವಿರಬೇಕೆಂದು ನಾನು ಅಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕಷ್ಟೇ.

ಇಳಿಯುವ ದಿನ ನನ್ನ ಟೆಂಪೋದಲ್ಲಿ ಎಲ್ಲರನ್ನೂ ಕರೆದೊಯ್ದೆ. ಕೇದಾರ ಮುಂದೆ, ಗುರಣ್ಣ ಹಿಂದೆ, ಇಬ್ಬರೂ ಹಗ್ಗ ಬಿಡುತ್ತ ಮುಳುಗಿದರು. ಬಾವಿಯ ಮೆಟ್ಟಿಲ ಮೇಲೆ ಚಂದಮ್ಮ, ಪಕ್ಕದಲ್ಲಿ ನಾನು. ನೀರಿನ ಮೇಲೆ ಗುಳ್ಳೆಗಳು ಬುಳುಬುಳು ಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆಗೆ ಸರಿದವು. ಆಮೇಲೆ ನಿಂತವು. ಗವಿ ಹೊಕ್ಕರೆ ಗುಳ್ಳೆ ಬಂಡೆಗೆ ತಾಗಿ ಒಳಗೇ ಉಳಿಯುತ್ತವೆ ಎಂದು ಕೇದಾರ ಮೊದಲೇ ಹೇಳಿದ್ದ. ಹೇಳಿದ್ದು ಗೊತ್ತಿದ್ದೂ ನಾನು ಬಗ್ಗಿ ಬಗ್ಗಿ ನೀರು ನೋಡತೊಡಗಿದೆ. ಇಷ್ಟು ವರ್ಷ ಗುರಣ್ಣ ಯಾವ ಬಾವಿಗೆ ಇಳಿದರೂ ಚಂದಮ್ಮ ದಂಡೆಯಲ್ಲಿ ಕೂತು ನೀರಲ್ಲಿ ಅವನ ನೆರಳಾದರೂ ನೋಡುತ್ತಿದ್ದಳು. ಇಂದು ಅದೂ ಇಲ್ಲ.

ಚಂದಮ್ಮ ನೀರಿನಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: "ಒಂದು ಪಿನ್ನು ಅವರ ಕಣ್ಣಿಗಿ ಬೀಳಂಗ ಇಟ್ಟಿದ್ರ ಸಾಕಿತ್ತಣ್ಣಾ. ಕಿವಿ ಸೋರ್ತಿತ್ತು, ಮನ್ಯಾಗ ಇರ್ತಿದ್ರು."

ಹಾಗಾದರೆ ಯಾಕೆ ಇಡಲಿಲ್ಲ ಎಂದು ಕೇಳಿದೆ.

"ದಿನಾ ರಾತ್ರಿ ಇಡಬೇಕು ಅನಸ್ತಿತ್ತು. ಖರೇ ಹೇಳ್ತೀನಿ, ಒಂದಿನ ಪೆಟ್ಟಿಗಿ ಬೀಗಾನೂ ತಗದಿದ್ದೆ. ಆಮ್ಯಾಲ ಅವರ ಮುಖ ಹ್ಯಾಂಗ ನೋಡ್ಲಿ ನಾ?"

ಅಷ್ಟು ದಿನ ಅವಳನ್ನು ನಾನು ಬರೀ ಪೊಲೀಸು ಎಂದುಕೊಂಡಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಹಳ ಹೊತ್ತಿನ ಮೇಲೆ ಗುಳ್ಳೆ ಕಂಡವು. ಮೊದಲು ಗೋಡೆಯ ಪಕ್ಕ, ಆಮೇಲೆ ನಡುನೀರಿನಲ್ಲಿ. ಕೇದಾರ ಎದ್ದ, ಹಿಂದೆಯೇ ಗುರಣ್ಣ. ಅವನ ಮುಖ ಮದುವಣಿಗನ ಮುಖದಂತಿತ್ತು. ಮೆಟ್ಟಿಲು ಹತ್ತಿ ಬಂದು ಕೂತವನನ್ನು ಚಂದಮ್ಮ ಒಳಗೆ ಏನಿತ್ತೆಂದು ಕೇಳಿದಳು.

"ಕತ್ತಲಿ," ಎಂದ ಗುರಣ್ಣ. "ಬರೇ ಕತ್ತಲಿ. ಇನ್ನೂ ಮುಂದ ಹೋಗೇದ ಅದು. ಮುಂದಿನ ಐತವಾರ ಮತ್ತ ಇಳಿಬೇಕು."

ಬೈಗುಳ ಬರುತ್ತದೆಂದು ನಾನೂ ಕೇದಾರನೂ ಒಂದು ಮೆಟ್ಟಿಲು ಮೇಲೆ ಸರಿದು ನಿಂತೆವು. ಅವಳು ಸೆರಗಿನ ಗಂಟಿನಿಂದ ಔಷಧಿ ಸೀಸೆ ತೆಗೆದು ಮುಚ್ಚಳ ತಿರುವಿದಳು.

"ಹಂಗಾದ್ರ ತಲಿ ಈ ಕಡಿ ಬಾಗಸ್ರಿ," ಎಂದಳು.

ಮೊದಲ ಹನಿಗಳು ಅವನ ಕೆನ್ನೆಗೆ, ಕುತ್ತಿಗೆಗೆ ಬಿದ್ದವು. ಗುರಣ್ಣ ಅಲುಗಾಡದೆ ಕೂತಿದ್ದ.