ಕಾಕಾರ ಪಿಕಪ್ಪಿನ ಎರಡು ಕೈ

ಹೋದ ವಾರ ವಾನ್ ಎಂಬ ಊರಿನಲ್ಲಿರುವ ನಮ್ಮ ವರ್ಕ್‌ಶಾಪಿಗೆ ಒಂದು ಹಳೆಯ ಪಿಕಪ್ ಬಂತು. ಅದರ ಹಿಂಬದಿಯ ಉಕ್ಕಿನ ತೋಳಿಗೆ ಧೋತರದ ಚೂರೊಂದನ್ನು ಕಟ್ಟಿದ್ದರು. ಅಂಚಿನಲ್ಲಿ ಸಣ್ಣ ಹಸಿರು ದಡಿ, ಉಳಿದದ್ದೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಹೈಡ್ರಾಲಿಕ್ ಎಣ್ಣೆ, ಒಣಹುಲ್ಲು, ಅದರೊಳಗೆ ಎಲ್ಲೋ ಒಂದಿಷ್ಟು ಕುಂಕುಮ... ಗಾಡಿ ಯಾರದೆಂದು ಯಾರನ್ನೂ ಕೇಳಬೇಕಾಗಲಿಲ್ಲ.

ಕಾಕಾ ನನಗೆ ಸಂಬಂಧಿಕರೇನೂ ಅಲ್ಲ. ನಾನು ಧಾರವಾಡದಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ ರೆಕ್ಸ್‌ಡೇಲಿನ ಒಂದು ಬೇಸ್‌ಮೆಂಟಿನಲ್ಲಿದ್ದೆ. ಒಂದು ದಿನ ಕಿರಾಣಿ ಅಂಗಡಿಯ ಸಾಲಿನಲ್ಲಿ ನಿಂತು ಫೋನಿನಲ್ಲಿ ಅವ್ವನ ಜೊತೆ ಜಗಳ ತೆಗೆದಿದ್ದೆ. ಹಿಂದಿನಿಂದ ಯಾರೋ ಹೆಗಲು ತಟ್ಟಿದರು.

"ಅವ್ವಗ ಹಂಗ ಒದರಬಾರ್ದೋ ತಮ್ಮಾ. ಯಾವೂರು ನಿಂದು?"

ಹೀಗೆ ಬೈಸಿಕೊಂಡೇ ಪರಿಚಯವಾಯಿತು. ಅವರು ಬೆಳಗಾವಿ ಕಡೆಯವರು. ರೆಕ್ಸ್‌ಡೇಲಿನ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಶಿಫ್ಟು ಮಾಡಿ ರಿಟೈರಾಗಿದ್ದರು. ಉಳಿದವರೆಲ್ಲ ಕೊಳ್ಳಲು ಕಾಂಡೊ ಫ್ಲಾಟು ನೋಡುತ್ತಿದ್ದ ವಯಸ್ಸಿನಲ್ಲಿ ಇವರು ವಾನ್ ದಾಟಿ ಇನ್ನೂ ಉತ್ತರಕ್ಕೆ ಹೋಗಿ, ಒಂದು ತುಂಡು ಹೊಲ ಹಿಡಿದು, ಏಳು ಆಕಳು ಕಟ್ಟಿಕೊಂಡು ಕೂತಿದ್ದರು.

ಅಲ್ಲಿಂದ ಮುಂದೆ ನನ್ನ ಶನಿವಾರಗಳೆಲ್ಲ ಆ ಹೊಲದಲ್ಲೇ ಕಳೆದವು. ಇಲ್ಲಿ ಹುಲ್ಲನ್ನು ಸುತ್ತಿ ಎದೆಮಟ್ಟದ ದುಂಡು ಬೇಲು ಮಾಡುತ್ತಾರೆ. ಒಂದೊಂದೂ ಐದುನೂರು ಕಿಲೋ ತೂಗುತ್ತದೆ. "ಈ ದೇಶದಾಗ ಬಣವಿಗೂ ಗಾಲಿ ಮಾಡ್ಯಾರ ನೋಡು" ಎಂದು ಕಾಕಾ ನಗುತ್ತಿದ್ದರು. ಇಬ್ಬರೂ ಭುಜ ಕೊಟ್ಟು ಎರಡು ಬೇಲುಗಳನ್ನು ಶೆಡ್ಡಿನಿಂದ ಆಕಳುಗಳಿದ್ದಲ್ಲಿಗೆ ಉರುಳಿಸುವಷ್ಟರಲ್ಲಿ, ಸ್ನೋ ಬೀಳುತ್ತಿದ್ದರೂ, ಅಂಗಿ ಬೆವರಿನಿಂದ ಬೆನ್ನಿಗೆ ಅಂಟುತ್ತಿತ್ತು. ಆಮೇಲೆ ಕಾಕಾರ ಹೆಂಡತಿ ಕಾಕು ಸುಟ್ಟ ಬಿಸಿ ರೊಟ್ಟಿ, ನಂಚಿಕೊಳ್ಳಲು ಅಗಸಿ ಹಿಂಡಿ. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದುದು ರೊಟ್ಟಿಗಾಗಿ ಅಲ್ಲ. ಈ ಊರಿನಲ್ಲಿ "ಯಾಕ ತಡಾ ಆತು?" ಎಂದು ನನ್ನನ್ನು ಕೇಳುತ್ತಿದ್ದ ಮನೆ ಅದೊಂದೇ ಆಗಿತ್ತು.

ಒಂದು ಚಳಿಗಾಲ ಬೇಲು ಉರುಳಿಸುತ್ತಿದ್ದಾಗ ಕಾಕಾರ ಸೊಂಟ ಹಿಡಿದುಕೊಂಡಿತು. ಮಿಸಿಸಾಗದಲ್ಲಿದ್ದ ಮಗಳು ಬಂದವಳೇ ಆಕಳು ಮಾರಿಬಿಡಿ ಎಂದು ಹಟ ಹಿಡಿದಳು. ಕಾಕಾ ಎರಡು ದಿನ ಕಿಟಕಿಯಾಚೆಯ ಶೆಡ್ಡನ್ನೇ ನೋಡುತ್ತ ಮಲಗಿದ್ದರು. ಆ ಮುಖ ನೋಡಲಾರದೆ ನಾನೇ ಬಾಯಿ ಹಾಕಿದೆ. ನಮ್ಮ ವರ್ಕ್‌ಶಾಪಿನಲ್ಲಿ ಪಿಕಪ್ಪಿಗೆ ಬೇಲ್ ಬೆಡ್ ಕೂರಿಸುತ್ತೇವೆ, ಅದಿದ್ದರೆ ಕಾಕಾ ಒಬ್ಬರೇ ಸಂಭಾಳಿಸಬಹುದು ಎಂದೆ. ಗಾಡಿಯ ಹಿಂದಿನ ಸಾಮಾನು ಹೇರುವ ಡಬ್ಬಿ ತೆಗೆದು ಉಕ್ಕಿನ ಹಾಸು ಹಾಕುವುದು, ಅದರ ತುದಿಗೆ ಎರಡು ಉಕ್ಕಿನ ತೋಳು. ಸೀಟಿನಲ್ಲಿ ಕೂತು ಬಟನ್ ಒತ್ತಿದರೆ ಸಾಕು. ಎಣ್ಣೆಯ ಒತ್ತಡಕ್ಕೆ ಆ ತೋಳುಗಳು ಬೇಲನ್ನು ಎರಡೂ ಕಡೆಯಿಂದ ಅವುಚಿಕೊಂಡು ಎತ್ತಿ ಗಾಡಿಯ ಮೇಲೆ ಇಟ್ಟುಕೊಳ್ಳುತ್ತವೆ.

ಕಾಕಾ ಅಷ್ಟು ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. ಎಣ್ಣೆಯ ಪಂಪು ಬ್ಯಾಟರಿಯಿಂದ ನಡೆಯುವುದೋ ಇಂಜಿನ್ನಿನಿಂದಲೋ ಎಂಬುದಕ್ಕೇ ಎರಡು ಶನಿವಾರ ಹಿಡಿಯಿತು. "ಥಂಡ್ಯಾಗ ಬ್ಯಾಟರಿ ಕೈ ಕೊಟ್ರ ಆಕಳಾ ಏನ್ ತಿನ್ನಬೇಕು?" ಎಂದು ಕೊನೆಗೆ ಇಂಜಿನ್ನಿನದನ್ನೇ ಆರಿಸಿದರು. ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ನೊಗಕ್ಕೆ ಹೂಡಿ ನೋಡುತ್ತಾರಲ್ಲ, ಹಾಗೆ ಇವರೂ ಪಕ್ಕದವರ ಟ್ರೇಲರಿನಲ್ಲಿ ಒಂದು ಬೇಲು ಹೇರಿಕೊಂಡು ವರ್ಕ್‌ಶಾಪಿಗೇ ಬಂದರು. ಅಂಗಳದಲ್ಲಿ ಮಾದರಿಗೆಂದು ನಿಲ್ಲಿಸಿದ್ದ ಗಾಡಿಯಿಂದ ಅದನ್ನು ಮೂರು ಸಲ ಎತ್ತಿಸಿ ಇಳಿಸಿದರು. ನಮ್ಮ ಯಜಮಾನ ಕೆಲಸ ಬಿಟ್ಟು ಹೊರಗೆ ಬಂದು ನೋಡಿದ. ಮೂರನೆಯ ಸಲ ಕಾಕಾ ಆ ತೋಳಿನ ಬೆನ್ನು ಚಪ್ಪರಿಸಿ "ನಡಿತೈತಿ ಇದು" ಎಂದರು.

ಕೂರಿಸಿದವನು ನಾನೇ. ಆಕಳು ಉಳಿದವು. ಆದರೆ ಶನಿವಾರದ ಕೆಲಸ ಉಳಿಯಲಿಲ್ಲ. ಬೆವರು ಹರಿಸಿ ಅರ್ಧ ದಿನ ಮಾಡುತ್ತಿದ್ದುದನ್ನು ಕಾಕಾ ಸೀಟು ಬಿಟ್ಟಿಳಿಯದೆ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ನಾನು ಜೇಬಿನಲ್ಲಿ ಕೈ ಇಟ್ಟುಕೊಂಡು ನೆಂಟನ ಹಾಗೆ ನಿಲ್ಲುತ್ತಿದ್ದೆ.

ಆ ವರ್ಷ ಖಂಡೇನವಮಿ ಬಂತು. ನಮ್ಮ ಕಡೆ ಅವತ್ತು ಮನೆಯ ಕುಡುಗೋಲಿನಿಂದ ಹಿಡಿದು ಗಾಡಿಯವರೆಗೆ ಎಲ್ಲಕ್ಕೂ ಪೂಜೆ. ಕಾಕಾ ಬೇಲ್ ಬೆಡ್ಡಿಗೂ ಮಾಡಿದರು. ತೋಳನ್ನು ಎತ್ತಿಳಿಸುವ ರಾಡುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು, ದೇವರ ಜಾಗ ಅದೇ ಎಂದುಕೊಂಡರೋ ಏನೋ, ಅರಿಶಿನ ಕುಂಕುಮ ಕಲಸಿ ಅವಕ್ಕೇ ದಪ್ಪಗೆ ಬಳಿದರು. ಬಳಿದದ್ದನ್ನು ಒರೆಸಲು ಮನಸ್ಸಾಗದೆ ಹಾಗೇ ಗಾಡಿ ನಡೆಸಿದರು. ಒಣಗಿದ ಬಣ್ಣ, ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಸೀಲಿನೊಳಗೆ ಹೊಕ್ಕು ಅದನ್ನು ಕೆರೆಯಿತು. ದೀಪಾವಳಿಯ ಹೊತ್ತಿಗೆ ಫೋನು ಬಂತು, "ತಮ್ಮಾ, ಎಣ್ಣಿ ಸೋರಾಕತ್ತೈತಿ."

ಆ ವಾರ ಓವರ್‌ಟೈಮಿನಲ್ಲಿ ಬೆಂದು ಹೋಗಿದ್ದೆ. ಹೋದವನೇ ಕಾಕು, ಪಕ್ಕದ ಹೊಲದವನು ಎಲ್ಲರೂ ಇದ್ದಾರೆ ಎಂಬುದನ್ನೂ ನೋಡದೆ ಹರಿಹಾಯ್ದೆ.

"ಈ ರಾಡಿಗೆ ಧೂಳೂ ತಾಗಬಾರ್ದ್ರಿ ಕಾಕಾ! ಕುಂಕುಮ ಹಚ್ಚೂದಿದ್ರ ತೋಳಿನ ಬೆನ್ನಿಗೆ ಹಚ್ರಿ. ದಿನಾ ಬಂದು ರಿಪೇರಿ ಮಾಡಾಕ ನಾ ಏನ್ ಖಾಲಿ ಕುಂತೇನೇನ್ರಿ?"

ಕಾಕಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. "ಆತಪಾ. ಇನ್ನ ನಿನಗ ತ್ರಾಸ ಕೊಡೂದಿಲ್ಲ" ಎಂದರು.

ಸೀಲು ಬದಲಿಸಿ, ರೊಟ್ಟಿ ತಿಂದು ಬಂದೆ. ಕ್ಷಮೆ ಕೇಳುವಂಥದ್ದೇನಾಯಿತು ಎಂದು ಆಗ ಅನ್ನಿಸಿತ್ತು. ಆಮೇಲೆ ನನ್ನ ಮದುವೆ, ಮನೆ, ಮಗು... ಹಬ್ಬಕ್ಕೊಂದು ಫೋನು. "ಗಾಡಿ ಹೆಂಗೈತ್ರಿ?" ಎಂದು ಪ್ರತಿ ಸಲ ನಾನು ಕೇಳುವುದು, "ಏಕದಂ ಬೆಸ್ಟ್" ಎಂದು ಅವರು ಹೇಳುವುದು. ಕೆಟ್ಟರೆ ಹೇಗೂ ಕರೆಯುತ್ತಾರಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಹೋದ ಚಳಿಗಾಲ ಅವರು ತೀರಿಕೊಂಡರು. ನನಗೆ ಗೊತ್ತಾದದ್ದು ಒಂದು ವಾಟ್ಸಾಪ್ ಗುಂಪಿನಿಂದ.

ಈಗ ಆಕಳುಗಳನ್ನು ಮಾರಿ ಆಗಿದೆ. ಬೇಲ್ ಬೆಡ್ಡನ್ನು ಬಿಚ್ಚಿ ಬೇರೆಯವರ ಗಾಡಿಗೆ ಹಾಕಬೇಕು, ಅದಕ್ಕೆ ಮೊದಲು ಸೀಲು ಪರೀಕ್ಷೆ ಮಾಡಿ ಕೊಡಿ ಎಂದು ಮಗಳೇ ಗಾಡಿ ತಂದಿದ್ದಳು. ನನ್ನ ಕೈಯಲ್ಲಿದ್ದ ಧೋತರದ ಚೂರು ನೋಡಿ ಹೇಳಿದಳು, "ಪಪ್ಪಾ ಎವ್ರಿ ಡೇ ಅದರ್ಲೇ ರಾಡ್ ಕ್ಲೀನ್ ಮಾಡ್ತಿದ್ರು. ಲೀಕ್ ಆದ್ರ ನಿಮಗ ಸುಮ್ನ ತ್ರಾಸ ಆಗ್ತೈತಿ ಅಂತಿದ್ರು."

ತೋಳುಗಳ ಬೆನ್ನ ಮೇಲೆ ಕುಂಕುಮ ಪದರ ಪದರವಾಗಿ ಕೂತಿತ್ತು, ವರ್ಷಕ್ಕೊಂದು ಪದರ. ರಾಡುಗಳು ನಾನು ಕೂರಿಸಿದ ದಿನದ ಹಾಗೇ ಹೊಳೆಯುತ್ತಿದ್ದವು. ಕೆಳಗೆ ರಟ್ಟು ಹಾಸಿ, ಇಂಜಿನ್ ಚಾಲೂ ಮಾಡಿ, ತೋಳುಗಳನ್ನು ಮೂರು ಸಲ ಎತ್ತಿ ಇಳಿಸಿದೆ. ರಟ್ಟಿನ ಮೇಲೆ ಏನೂ ಇಲ್ಲ. ನಾಲ್ಕನೆಯ ಸಲ ಎತ್ತಿದೆ, ಐದನೆಯ ಸಲವೂ. ನಾನೇ ಕೂರಿಸಿದ ಮಷೀನು ಸೋರಲಿ ಎಂದು ನಾನು ಆಸೆಪಟ್ಟದ್ದು ಅದೊಂದೇ ದಿನ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಹನಿ ಸೋರಿದ್ದರೂ ಕಾಕಾ ಕರೆಯುತ್ತಿದ್ದರು, ನಾನು ಗೊಣಗುತ್ತಲೇ ಹೋಗುತ್ತಿದ್ದೆ.